ದೋನಾ ಸೆಲೆಸ್ತೆಗೆ ಒಂದು ಉದ್ದ ವಾಕ್ಯ

ಸಾರಕ್ಕಿ
6 ಜನವರಿ 2025

ಚೂಡಾಮಣಿ ಮೇಡಂಗೆ ಶೃತಿಯ ನಮಸ್ಕಾರಗಳು.

‘ಕಿವಿ ಕೈಕೊಟ್ಟಿದೆ, ಇನ್ನು ಪೋರ್ಚುಗೀಸ್ ಪಾಠ ಏನಿದ್ದರೂ ಕಾಗದದಲ್ಲಿ’ ಎಂದು ನೀವು ಹೇಳಿ ಕಳಿಸಿದಾಗ ನಗು ಬಂತು. ಸಾರಕ್ಕಿಯಿಂದ ಜಯನಗರಕ್ಕೆ ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ? ಅಪ್ಪ ಅಂತೂ, “ಆಟೋದವ್ರ ಕೈಲಿ ಕೊಟ್ಟು ಕಳ್ಸು, ಪೋಸ್ಟ್‌ಗಿಂತ ಬೇಗ ಹೋಗ್ತದೆ” ಅಂದರು. ಆದರೂ ಬರೆಯುತ್ತಿದ್ದೇನೆ. ನಿಮ್ಮನ್ನು ಬಿಟ್ಟರೆ ನನಗೆ ಈ ಭಾಷೆ ಕಲಿಸುವವರು ಇನ್ನೊಬ್ಬರಿಲ್ಲ. ಇದ್ದರೂ ನಾನು ಹೋಗುವುದಿಲ್ಲ.

ಆಸ್ಪತ್ರೆಯಲ್ಲಿ ದುಭಾಷಿಯ ಕೆಲಸ ನಡೆಯುತ್ತಿದೆ. ಮೊಜಾಂಬಿಕ್‌ನಿಂದ ಪೋರ್ಚುಗೀಸ್ ಆಡುವ ರೋಗಿಗಳು ಬರುತ್ತಲೇ ಇದ್ದಾರೆ. ಅಪ್ಪ ಮಹಡಿಯ ಮೇಲಿನ ರೂಮುಗಳನ್ನು ಅವರಿಗೇ ಬಾಡಿಗೆಗೆ ಕೊಡುತ್ತಾರೆ. ಈಗ ಇರುವವರು ಸೆನ್ಯೋರ್ ಅರ್ಮಾಂದು ಮತ್ತು ಅವರ ಹೆಂಡತಿ ದೋನಾ ಸೆಲೆಸ್ತೆ. ಗಂಡನಿಗೆ ಹೃದಯದ ಆಪರೇಷನ್ ಆಗಬೇಕು.

ಮೊನ್ನೆ ಒಂದು ಎಡವಟ್ಟಾಯಿತು. “ಬೆಳಗ್ಗೆ ತೆಗೆದುಕೊಳ್ಳುವ ಮಾತ್ರೆಯನ್ನು ನಿಲ್ಲಿಸಬೇಕು” ಎಂದರು ಡಾಕ್ಟರು. ನನಗೆ ಉದ್ದ ವಾಕ್ಯ ಬರುವುದಿಲ್ಲವಲ್ಲ, ಎರಡು ತುಂಡು ಮಾಡಿ ಹೇಳಿದೆ: “ಮಾತ್ರೆ ನಿಲ್ಲಿಸಿ. ಬೆಳಗ್ಗೆ ತೆಗೆದುಕೊಳ್ಳುತ್ತೀರಿ.” ದೋನಾ ಸೆಲೆಸ್ತೆ ನನ್ನ ಮುಖ ನೋಡಿದರು, ಗಂಡನ ಮುಖ ನೋಡಿದರು. ನಿಲ್ಲಿಸಬೇಕೋ ತೆಗೆದುಕೊಳ್ಳಬೇಕೋ? ಕೊನೆಗೆ ಮಾತ್ರೆಯ ಡಬ್ಬಿ ತರಿಸಿ, ಕೈ ಅಡ್ಡಡ್ಡ ಆಡಿಸಿ ತಿಳಿಸಿದೆ. ನಾನು ಹೀಗೆ ತುಂಡು ತುಂಡಾಗಿ ಮಾತಾಡುತ್ತಿದ್ದರೆ ಒಂದು ದಿನ ಯಾರದಾದರೂ ಪ್ರಾಣಕ್ಕೆ ಬಂದೀತು. ಎರಡು ವಾಕ್ಯ ಸೇರಿಸುವುದನ್ನು ದಯವಿಟ್ಟು ಹೇಳಿಕೊಡಿ.

ನಿಮ್ಮ
ಶೃತಿ ಬೈರಣ್ಣ


ಜಯನಗರ
13 ಜನವರಿ 2025

ಶೃತಿ, ನಿನಗೆ ಆಶೀರ್ವಾದ.

ಈ ಕಾಗದದ ಏರ್ಪಾಡು ನನ್ನ ಕಿವಿಗಾಗಿ ಮಾತ್ರ ಎಂದುಕೊಂಡೆಯಾ? ನೀನು ಎದುರಿಗೆ ಬಂದು ಕೂತರೆ ನಾವಿಬ್ಬರೂ ಕೂಗಾಡಬೇಕು, ಪಕ್ಕದ ಮನೆಯ ಗೌರೀಶಂಕರ ಜಗಳವೆಂದು ಬಿಡಿಸಲು ಬರುತ್ತಾನೆ. ಅದು ಹಾಗಿರಲಿ. ಫೋನಿನಲ್ಲಿ ಬರೆಯುವವರ ವಾಕ್ಯ ಅವರ ಹೆಬ್ಬೆರಳಿಗಿಂತ ಉದ್ದ ಬೆಳೆಯುವುದಿಲ್ಲ. ನಿನಗೆ ಬೇಕಾಗಿರುವುದು ಉದ್ದ ವಾಕ್ಯ.

ನಮ್ಮ ಕನ್ನಡದಲ್ಲಿ ಏನು ಮಾಡುತ್ತೇವೆ ನೋಡು. ‘ಬೆಳಗ್ಗೆ ತೆಗೆದುಕೊಳ್ಳುವ ಮಾತ್ರೆ.’ ಕಥೆಯನ್ನೆಲ್ಲ ಮೊದಲು ಹೇಳಿ, ಮಾತ್ರೆಯನ್ನು ಕೊನೆಗೆ ಇಡುತ್ತೇವೆ. ಅವರು ಹಾಗಲ್ಲ. ಮಾತ್ರೆಯನ್ನು ಮೊದಲು ಮುಂದಿಟ್ಟು, ಆಮೇಲೆ ‘ಕೆ’ ಎಂದು ಒಂದು ಸಣ್ಣ ಪದ ಹಾಕಿ, ಕಥೆಯನ್ನು ಅದರ ಹಿಂದೆ ಬಿಡುತ್ತಾರೆ. ‘ಉ ಕೊಂಪ್ರಿಮೀದು ಕೆ ತೋಮ ದೆ ಮನ್ಯಾ.’ ಮಾತ್ರೆ, ಯಾವುದನ್ನು ಬೆಳಗ್ಗೆ ತೆಗೆದುಕೊಳ್ಳುತ್ತೀರೋ ಅದು. ಈ ‘ಕೆ’ ಮನುಷ್ಯರಿಗೂ ಆಗುತ್ತದೆ, ವಸ್ತುವಿಗೂ ಆಗುತ್ತದೆ. ಗಂಡು ಹೆಣ್ಣು, ಒಂದು ಹಲವು, ಯಾವುದಕ್ಕೂ ರೂಪ ಬದಲಿಸುವುದಿಲ್ಲ. ಇಂಥ ಸಾಧು ಪ್ರಾಣಿ ವ್ಯಾಕರಣದಲ್ಲಿ ಅಪರೂಪ.

ಆದರೆ ಮನುಷ್ಯರ ಹಿಂದೆ ‘ಜೊತೆಗೆ’, ‘ಗೋಸ್ಕರ’ ಎಂಬಂಥ ಪದ ಬಂದರೆ ‘ಕೆಂ’ ಹಾಕು. ‘ಉ ಮೆದಿಕು ಕೊಂ ಕೆಂ ಫಲೆಯ್’, ನಾನು ಮಾತಾಡಿದ ಡಾಕ್ಟರು. ಸ್ಥಳವಾದರೆ ‘ಓಂದೆ’. ‘ಅ ಕಾಜ ಓಂದೆ ಮೋರು’, ನಾನಿರುವ ಮನೆ. ಒಂದೊಂದಕ್ಕೂ ನಿನ್ನದೇ ವಾಕ್ಯಗಳನ್ನು ಬರೆದು ಕಳಿಸು. ನಾನು ಕೊಟ್ಟದ್ದನ್ನೇ ತಿರುಗಿಸಿ ಕಳಿಸಿದರೆ ಹರಿದು ಹಾಕುತ್ತೇನೆ.

ನನ್ನ ಯಜಮಾನರ ಕೆಲಸಕ್ಕೆಂದು ಮೊಜಾಂಬಿಕ್ ರಾಜಧಾನಿ ಮಪುಟೊಗೆ ಹೋದ ಮೊದಲ ವರ್ಷ, ಸ್ಕೂಲಿನಲ್ಲಿ ನಾನು ಲೆಕ್ಕ ಹೇಳಲು ಬಾಯಿ ಬಿಟ್ಟರೆ ಮಕ್ಕಳು ಮುಸಿಮುಸಿ ನಗುತ್ತಿದ್ದರು. ನಾನೂ ತುಂಡು ತುಂಡಾಗಿಯೇ ಮಾತಾಡುತ್ತಿದ್ದೆ. ನೀನು ನಿನ್ನ ತಪ್ಪನ್ನು ನೀನೇ ಹಿಡಿದೆ. ಅದು ನನಗೆ ಬಹಳ ಇಷ್ಟವಾಯಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.

ಎಳ್ಳುಬೆಲ್ಲ ಈ ಲಕೋಟೆಯಲ್ಲಿ ಹಿಡಿಯುವುದಿಲ್ಲ. ಬಂದು ತೆಗೆದುಕೊಂಡು ಹೋಗು. ಮಾತಾಡಬೇಡ.

ಇತಿ,
ಚೂಡಾಮಣಿ


ಸಾರಕ್ಕಿ
2 ಫೆಬ್ರವರಿ 2025

ಮೇಡಂ,

‘ಕೆ’ ನನ್ನ ಕೈಗೆ ಸಿಕ್ಕಿತು. ಸಿಕ್ಕಿದ್ದು ಹೇಗೆ ಅಂದರೆ, ಈಗ ಬಿಡಲೇ ಆಗುತ್ತಿಲ್ಲ. ಮೊನ್ನೆ ಅಮ್ಮನಿಗೆ, “ಆ ಸೌಟು, ಯಾವುದು ನೆನ್ನೆ ಸಾರಿಗೆ ಹಾಕಿದ್ಯೋ ಅದು, ಎಲ್ಲಿ?” ಅಂದೆ. ಅಮ್ಮ, “ನೆಟ್ಗೆ ಮಾತಾಡೇ” ಅಂದಳು.

ಆಸ್ಪತ್ರೆಯಲ್ಲಿ ಮಾತ್ರ ಎಲ್ಲ ಸಲೀಸಾಗಿದೆ. ಡಾಕ್ಟರು ಇಂಗ್ಲಿಷಿನಲ್ಲಿ ಎಷ್ಟು ಉದ್ದ ಹೇಳಿದರೂ ನಾನು ಮೊದಲು ಮುಖ್ಯವಾದ ವಸ್ತುವನ್ನು ಹಿಡಿದು ಮುಂದಿಡುತ್ತೇನೆ, ಆಮೇಲೆ ಉಳಿದದ್ದನ್ನು ಹಿಂದೆ ಬಿಡುತ್ತೇನೆ. ಸೆನ್ಯೋರ್ ಅರ್ಮಾಂದು ತಮಾಷೆಯ ಮನುಷ್ಯ. ರೈಲ್ವೆಯಲ್ಲಿ ಕೆಲಸ ಮಾಡಿದವರು. “ಈ ಹುಡುಗಿ ಬಂದಾಗ ಗೂಡ್ಸ್ ಡಬ್ಬಿಗಳ ಥರ ಮಾತಾಡುತ್ತಿದ್ದಳು, ಈಗ ಎಲ್ಲ ಡಬ್ಬಿಗೂ ಕೊಂಡಿ ಹಾಕಿದ್ದಾಳೆ” ಎಂದರು. ಆ ಕೊಂಡಿ ಹಾಕಿದವರು ನೀವು ಎಂದು ಹೇಳಿದೆ. ನಿಮ್ಮನ್ನು ನೋಡಬೇಕಂತೆ.

ದೋನಾ ಸೆಲೆಸ್ತೆ ಮತ್ತು ಅಮ್ಮನದು ಬೇರೆಯೇ ಲೋಕ. ಅಮ್ಮನಿಗೆ ಅವರ ಭಾಷೆಯ ಒಂದು ಪದವೂ ಬರುವುದಿಲ್ಲ. ಆದರೂ ಸಾರಕ್ಕಿ ಮಾರ್ಕೆಟ್ಟಿಗೆ ಇಬ್ಬರೂ ಒಟ್ಟಿಗೆ ಹೋಗುತ್ತಾರೆ, ಸೊಪ್ಪಿನವರ ಮುಂದೆ ಒಟ್ಟಿಗೆ ಚೌಕಾಸಿ ಮಾಡುತ್ತಾರೆ. ಅಲ್ಲಿಯ ಅವರ ಮನೆಯಲ್ಲೂ ಕಡಲೆಕಾಯಿ ಅರೆದು ಸೊಪ್ಪಿಗೆ ಹಾಕುತ್ತಾರಂತೆ. ಅದನ್ನು ಒಂದು ದಿನ ನಮ್ಮ ಅಡುಗೆಮನೆಯಲ್ಲೇ ಮಾಡಿದರು. ಅಪ್ಪ ಮುದ್ದೆಯ ಜೊತೆ ಹೊಡೆದು, ಮತ್ತೆ ಕೇಳಿ ಬಡಿಸಿಕೊಂಡರು.

ಆಪರೇಷನ್ ಇದೇ ತಿಂಗಳ ಮಧ್ಯದಲ್ಲಿ. ನನಗೆ ಭಯ. ಅವರಿಗೆ ಹೇಳಿಲ್ಲ.

ನಿಮ್ಮ ಶೃತಿ


ಜಯನಗರ
10 ಫೆಬ್ರವರಿ 2025

ಶೃತಿ,

ಕಾಗದದ ಜೊತೆ ನೀನು ಬರೆದು ಕಳಿಸಿದ ವಾಕ್ಯಗಳನ್ನು ಓದಿ ನಾನು ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ. ಶಬ್ದ ನನಗೆ ಕೇಳಿಸಲಿಲ್ಲ, ಅದು ಬೇರೆ ಮಾತು. ನನ್ನ ಹತ್ತಿರ ಎಷ್ಟೋ ಜನ ಕಲಿತಿದ್ದಾರೆ. ಇಷ್ಟು ಬೇಗ ಇಷ್ಟು ಚೆನ್ನಾಗಿ ಹಿಡಿದವರು ಇಲ್ಲ. ಇದನ್ನು ಹೊಗಳಿಕೆ ಎಂದುಕೊಂಡು ಉಬ್ಬಬೇಡ. ಉಬ್ಬಿದರೂ ಪರವಾಗಿಲ್ಲ, ಒಂದು ದಿನ ಮಾತ್ರ.

ಈಗ ಕಷ್ಟದ್ದು: ‘ಕೂಜು’. ‘ಯಾರ’ ಎಂಬ ಅರ್ಥ. ‘ಯಾರ ಗಂಡ ರೈಲ್ವೆಯಲ್ಲಿದ್ದನೋ ಆ ಹೆಂಗಸು’ ಎನ್ನಬೇಕಾದರೆ ‘ಅ ಸೆನ್ಯೋರ ಕೂಜು ಮರೀದು…’. ಇಲ್ಲಿ ಎಲ್ಲರೂ ಎಡವುತ್ತಾರೆ. ಹೆಂಗಸಿನ ವಿಷಯ ತಾನೇ ಎಂದು ‘ಕೂಜ’ ಅಂದುಬಿಡುತ್ತಾರೆ. ಹಾಗಲ್ಲ. ಆ ಪದ ಯಜಮಾನಿತಿಯನ್ನು ನೋಡುವುದಿಲ್ಲ, ಅವಳಿಗೆ ಸೇರಿದ್ದನ್ನು ನೋಡುತ್ತದೆ. ಗಂಡನಾದ್ದರಿಂದ ‘ಕೂಜು’, ಮನೆಯಾದರೆ ‘ಕೂಜ’. ಬೀದಿಯ ಮಾತಿನಲ್ಲಿ ಇದನ್ನು ಯಾರೂ ಬಳಸುವುದಿಲ್ಲ, ಬರೆಯುವವರು, ಹಿರಿಯರು ಬಳಸುತ್ತಾರೆ. ಆದರೂ ಕಲಿ. ಮರ್ಯಾದೆಯಾಗಿ ಮಾತಾಡಬೇಕಾದ ದಿನ ಬೇಕಾಗುತ್ತದೆ.

ಭಯವನ್ನು ನನಗೆ ಹೇಳಿದ್ದು ಸರಿ. ಅವರಿಗೆ ಹೇಳದೆ ಇದ್ದದ್ದೂ ಸರಿ. ಸೆನ್ಯೋರ್ ಅರ್ಮಾಂದು ಹುಷಾರಾದ ಮೇಲೆ ಇಲ್ಲಿಗೆ ಕರೆದುಕೊಂಡು ಬಾ. ಅವರ ಜೋಕುಗಳನ್ನು ಬರೆದು ತೋರಿಸಲಿ.

ಚೂಡಾಮಣಿ


ಜಯನಗರ
17 ಮಾರ್ಚ್ 2025

ಶೃತಿ,

ಇದು ನಾನು ಉತ್ತರವಿಲ್ಲದೆ ಹಾಕುತ್ತಿರುವ ಎರಡನೆಯ ಕಾಗದ. ಈ ತಿಂಗಳ ಮೊದಲಿಗೆ ಹಾಕಿದ್ದರಲ್ಲಿ ಬೈದಿದ್ದೆ. ಇದರಲ್ಲಿ ಬೈಯುವುದಿಲ್ಲ.

ನಿಮ್ಮ ಆಸ್ಪತ್ರೆಗೆ ಹೋಗಿಬಂದ ಗೌರೀಶಂಕರ, ನೀನು ಕೆಲಸಕ್ಕೆ ಬರುತ್ತಿಲ್ಲವೆಂದು ಚೀಟಿಯಲ್ಲಿ ಬರೆದು ತೋರಿಸಿದ. ಏನಾಯಿತು ಎಂದು ನನಗೆ ಸ್ವಲ್ಪ ಅಂದಾಜಿದೆ. ಪಾಠ ಬೇಡ. ಬದುಕಿದ್ದೇನೆ ಎಂದಷ್ಟು ಬರೆ.

ಚೂಡಾಮಣಿ


ಸಾರಕ್ಕಿ
30 ಮಾರ್ಚ್ 2025

ಮೇಡಂ,

ಕ್ಷಮಿಸಿ. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ.

ಸೆನ್ಯೋರ್ ಅರ್ಮಾಂದು ಉಳಿಯಲಿಲ್ಲ. ಆಪರೇಷನ್ ಆಯಿತು, ಒಂದು ವಾರ ಚೆನ್ನಾಗಿದ್ದರು, ಆಮೇಲೆ ಸೋಂಕು ಎಂದರು. ಡಾಕ್ಟರು ಹೇಳಿದ ಸುದ್ದಿಯನ್ನು ದೋನಾ ಸೆಲೆಸ್ತೆಗೆ ಹೇಳಿದವಳು ನಾನು. ಆ ಒಂದು ವಾಕ್ಯಕ್ಕೆ ಯಾವ ಕೊಂಡಿಯೂ ಬೇಕಾಗಲಿಲ್ಲ.

ನಾನು ಕೆಲಸ ಬಿಟ್ಟಿದ್ದು ಅದಕ್ಕಲ್ಲ. ಗಂಡನ ದೇಹವನ್ನು ಊರಿಗೆ ಒಯ್ಯುವ ಮುಂಚೆ ದೋನಾ ಸೆಲೆಸ್ತೆ ಸಾಮಾನು ಕಟ್ಟಲು ಮಹಡಿಯ ರೂಮಿಗೆ ಬಂದರು. ಅಮ್ಮ ಮತ್ತು ನಾನು ಹೋಗಿ ಪಕ್ಕದಲ್ಲಿ ಕೂತೆವು. ಅಮ್ಮ ಅವರ ಕೈ ಹಿಡಿದುಕೊಂಡಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದೆವು. ಸಾವಿನ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀವಿ’ ಅನ್ನಬಾರದಲ್ಲ, ಅದಕ್ಕೇ ಏನೂ ಹೇಳದೆ ಇಳಿದುಬಂದೆವು. ಮನೆಯೊಳಗೆ ಕಾಲಿಡುವ ಮುಂಚೆ ಅಂಗಳದ ನಲ್ಲಿಯ ಹತ್ತಿರ ನಿಂತು ಇಬ್ಬರೂ ತಲೆ ಮೇಲೆ ನೀರು ಸುರಿದುಕೊಂಡೆವು. ನಮ್ಮಲ್ಲಿ ಎಲ್ಲರೂ ಮಾಡುವುದೇ. ನನಗೆ ಅದು ಗಮನಕ್ಕೂ ಬರಲಿಲ್ಲ.

ಮೇಲೆ ನೋಡಿದರೆ ದೋನಾ ಸೆಲೆಸ್ತೆ ಬಾಲ್ಕನಿಯಲ್ಲಿ ನಿಂತಿದ್ದರು. ನೋಡುತ್ತಿದ್ದರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾರನೆಯ ದಿನ ಏರ್‌ಪೋರ್ಟಿಗೆ ಹೊರಡುವಾಗ ಅಮ್ಮ ಗೇಟಿನಲ್ಲಿ ಕಾದಿದ್ದಳು. ಅವರು ತಿರುಗಿಯೂ ನೋಡಲಿಲ್ಲ. ದುಃಖದಲ್ಲಿದ್ದಾರೆ ಎಂದುಕೊಂಡೆವು. ಎರಡು ವಾರದ ಮೇಲೆ ಅವರ ತಂಗಿಯ ಮಗಳಿಂದ ಒಂದು ಮೆಸೇಜ್ ಬಂತು: ‘ನಮ್ಮ ದೊಡ್ಡಮ್ಮ ಕೇಳುತ್ತಿದ್ದಾರೆ, ನಮ್ಮನ್ನು ಮುಟ್ಟಿದರೆ ಕೊಳೆಯಾಗುತ್ತದಾ?’

ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅಂದಳು, “ಹಂಗಂದ್ಕೊಂಡ್ರಾ? ನಾನು ಅವ್ಳ ಜೊತೆ ಒಂದೇ ತಟ್ಟೇಲಿ ತಿಂದಿದೀನಲ್ಲೇ.” ಅಷ್ಟೇ. ಅವತ್ತಿನಿಂದ ಮಾರ್ಕೆಟ್ಟಿಗೆ ಹೋಗಿಲ್ಲ, ಅಪ್ಪನೇ ಸೊಪ್ಪು ತರುತ್ತಾರೆ.

ಮೇಡಂ, ಇಷ್ಟೆಲ್ಲ ಮಾತು ಕಲಿತವಳು ಮನೆಯಲ್ಲಿ ನಾನೊಬ್ಬಳೇ ಇದ್ದೆ. ಬೇಕಾದ ಹೊತ್ತಿನಲ್ಲಿ ಬಾಯಿ ಬಿಡಲಿಲ್ಲ. ಇಬ್ಬರ ಮಧ್ಯೆ ನಿಂತು ಮಾತಾಡುವ ಯೋಗ್ಯತೆ ನನಗಿಲ್ಲ. ದಯವಿಟ್ಟು ನೀವೇ ದೋನಾ ಸೆಲೆಸ್ತೆಗೆ ಒಂದು ಕಾಗದ ಬರೆದುಕೊಡಿ. ನೀವು ಬರೆದರೆ ಅವರು ನಂಬುತ್ತಾರೆ. ನಾನು ನಕಲು ಮಾಡಿ ಕಳಿಸುತ್ತೇನೆ.

ಶೃತಿ


ಜಯನಗರ
4 ಏಪ್ರಿಲ್ 2025

ಶೃತಿ,

ಬರೆದುಕೊಡುವುದಿಲ್ಲ.

ಕೋಪ ಮಾಡಿಕೊಳ್ಳಬೇಡ. ನಾನು ಬರೆದರೆ ಅದು ಒಳ್ಳೆಯ ಪೋರ್ಚುಗೀಸ್ ಆಗಿರುತ್ತದೆ. ಆ ಹೆಂಗಸಿಗೆ ಬೇಕಾಗಿರುವುದು ಒಳ್ಳೆಯ ಪೋರ್ಚುಗೀಸ್ ಅಲ್ಲ, ನೀನು. ನಿನ್ನ ಮಾತನ್ನು ಅವರು ಗುರುತು ಹಿಡಿಯುತ್ತಾರೆ. ಎರಡು ತಿಂಗಳು ಆಸ್ಪತ್ರೆಯಲ್ಲಿ ಅದನ್ನೇ ನಂಬಿಕೊಂಡು ಕೂತಿದ್ದವರು.

ಎರಡು ಮಾತು ಹೇಳುತ್ತೇನೆ, ವ್ಯಾಕರಣದ್ದಲ್ಲ. ‘ನಮ್ಮ ಸಂಪ್ರದಾಯದಲ್ಲಿ’ ಎಂದು ಶುರು ಮಾಡಬೇಡ. ಹಾಗೆ ಶುರು ಮಾಡುವವರು ತಮ್ಮ ಮನೆಯ ಬಾಗಿಲಲ್ಲಿ ನಿಂತು ಮಾತಾಡುತ್ತಾರೆ. ಅವರಿಂದ ಶುರು ಮಾಡು, ಅವರ ಗಂಡನಿಂದ ಶುರು ಮಾಡು. ಮತ್ತೆ, ತುಂಡು ವಾಕ್ಯದಲ್ಲಿ ಬರೆಯಬೇಡ. ‘ತಪ್ಪಾಯಿತು. ಕ್ಷಮಿಸಿ.’ ಎಂದು ಬರೆದು ಓಡಿಹೋಗುವುದು ಸುಲಭ. ಒಂದನ್ನು ಇನ್ನೊಂದಕ್ಕೆ ಸೇರಿಸು. ಯಾರ ಪಕ್ಕ ಕೂತೆ, ಯಾಕೆ ಎದ್ದೆ, ಎಲ್ಲಿ ನೀರು ಸುರಿದುಕೊಂಡೆ, ಎಲ್ಲ ಬರಲಿ.

ಯೋಗ್ಯತೆಯ ಮಾತು ಆಡಿದೆ. ತಾನು ಹೇಳದೆ ಬಿಟ್ಟದ್ದಕ್ಕೆ ಒಂದು ತಿಂಗಳು ನಿದ್ದೆಗೆಟ್ಟ ದುಭಾಷಿಯನ್ನು ನಾನು ಇದೇ ಮೊದಲು ನೋಡುತ್ತಿರುವುದು. ಉಳಿದವರು ಸಂಬಳ ಎಣಿಸಿಕೊಂಡು ಮಲಗುತ್ತಾರೆ.

ಎಷ್ಟು ದಿನವಾದರೂ ಆಗಲಿ. ಬರೆ.

ಚೂಡಾಮಣಿ


ಸಾರಕ್ಕಿ
12 ಮೇ 2025

ಮೇಡಂ,

ನಿಮ್ಮ ಮೇಲೆ ಕೋಪ ಬಂದಿತ್ತು. ಹದಿನೈದು ದಿನ ಇತ್ತು. ಆಮೇಲೆ ಬರೆದೆ, ಹರಿದೆ, ಮತ್ತೆ ಬರೆದೆ. ಪೋರ್ಚುಗೀಸ್ ಪ್ರತಿ ಇದರ ಜೊತೆಗಿದೆ. ಅಮ್ಮನಿಗೆ ಓದಿ ಹೇಳಲು ಮಾಡಿಕೊಂಡ ಕನ್ನಡವನ್ನೂ ಬರೆಯುತ್ತಿದ್ದೇನೆ. ಅವರ ಕ್ರಮದಲ್ಲೇ ಇಟ್ಟಿದ್ದೇನೆ, ಸ್ವಲ್ಪ ವಿಚಿತ್ರವಾಗಿ ಕೇಳುತ್ತದೆ.

‘ದೋನಾ ಸೆಲೆಸ್ತೆ, ಯಾರ ಗಂಡ ನನ್ನ ಮಾತಿಗೆ ನಗುತ್ತಾ ನನಗೆ ಧೈರ್ಯ ಕೊಟ್ಟರೋ, ಯಾರ ಜೊತೆ ನನ್ನ ತಾಯಿ ಮಾರ್ಕೆಟ್ಟಿಗೆ ಹೋಗುತ್ತಿದ್ದಳೋ, ಆ ನಿಮಗೆ ಬರೆಯುತ್ತಿದ್ದೇನೆ. ನಾವು ಯಾವ ನೀರನ್ನು ತಲೆಗೆ ಸುರಿದುಕೊಂಡೆವೋ ಅದು ನಿಮ್ಮನ್ನು ತೊಳೆದುಕೊಳ್ಳಲು ಅಲ್ಲ. ನನ್ನ ಅಜ್ಜಿ, ಯಾರ ಮಡಿಲಲ್ಲಿ ನಾನು ಬೆಳೆದೆನೋ, ಅವಳು ಸತ್ತ ದಿನವೂ ನಾನು ಅದೇ ನಲ್ಲಿಯ ಕೆಳಗೆ ನಿಂತಿದ್ದೆ. ಸಾವು ಬಂದ ಮನೆಗೆ ಹೋದವರು ಹಾಗೆ ಮಾಡುತ್ತೇವೆ, ಸತ್ತವರು ನಮಗೆ ಎಷ್ಟೇ ಪ್ರೀತಿಯವರಾಗಿರಲಿ. ಹೊರಡುವಾಗ ನಾವು ಮಾತಾಡದಿದ್ದುದು, ಮತ್ತೆ ಇಂಥ ಸಾವಿಗೆ ಬರುವಂತಾಗದಿರಲಿ ಎಂದು. ಇದನ್ನು ನಿಮಗೆ ಹೇಳಬಲ್ಲವಳು ಆ ಮನೆಯಲ್ಲಿ ನಾನೊಬ್ಬಳೇ. ನಾನು ಹೇಳಲಿಲ್ಲ. ನೀವು ಬಾಲ್ಕನಿಯಿಂದ ನೋಡಿದ್ದನ್ನು ನಾನು ಪ್ರತಿದಿನ ನೋಡುತ್ತೇನೆ.’

ಅಮ್ಮ ಕೇಳಿ, “ಇದ್ರಲ್ಲಿ ನಂದೂ ಹೆಬ್ಬೆಟ್ಟು ಹಾಕ್ಲಾ?” ಅಂದಳು. ಅವಳಿಗೆ ಸಹಿ ಮಾಡಲು ಬರುತ್ತದೆ. ಸಹಿ ಸಾಲದು ಅನ್ನಿಸಿರಬೇಕು.

ತಪ್ಪಿದ್ದರೆ ತಿದ್ದಿ ಕೊಡಿ.

ಶೃತಿ


ಜಯನಗರ
16 ಮೇ 2025

ಶೃತಿ,

ಎರಡು ತಪ್ಪುಗಳಿವೆ. ಒಂದನ್ನು ತಿದ್ದಿದ್ದೇನೆ. ಇನ್ನೊಂದನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ನೀನು ಮೊದಲಿನಿಂದಲೂ ಮಾಡುವ ತಪ್ಪು. ಅದನ್ನು ನೋಡಿದರೆ ಬರೆದವಳು ನೀನೇ ಎಂದು ಅವರಿಗೆ ಗೊತ್ತಾಗುತ್ತದೆ.

ನಾನು ಈ ಭಾಷೆಯನ್ನು ಅರ್ಧ ಆಯುಷ್ಯ ಆಡಿದೆ. ಇಂಥ ಒಂದು ಕಾಗದವನ್ನೂ ಅದರಲ್ಲಿ ಬರೆದಿಲ್ಲ. ನಿನ್ನನ್ನು ಶಿಷ್ಯೆ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಫೋಟೊ ತೆಗೆದು ಮೆಸೇಜ್ ಮಾಡಿದ ಆ ಹುಡುಗಿಗೆ ಕಳಿಸು, ಕಾಗದವನ್ನೂ ಅಂಚೆಗೆ ಹಾಕು. ಉತ್ತರ ಬರದೆಯೂ ಇರಬಹುದು. ಅದಕ್ಕೂ ತಯಾರಾಗಿರು. ಮತ್ತು ಸೋಮವಾರದಿಂದ ಆಸ್ಪತ್ರೆಗೆ ಹೋಗು. ಅಲ್ಲಿ ಯಾರೋ ಮಾತ್ರೆ ಹಿಡಿದುಕೊಂಡು ನಿಲ್ಲಿಸಬೇಕೋ ನುಂಗಬೇಕೋ ಎಂದು ಕೂತಿರುತ್ತಾರೆ.

ಚೂಡಾಮಣಿ


ಸಾರಕ್ಕಿ
20 ಜುಲೈ 2025

ಮೇಡಂ,

ಕೆಲಸಕ್ಕೆ ಹೋಗುತ್ತಿದ್ದೇನೆ. ಅದನ್ನು ಮೊದಲು ಹೇಳಬೇಕಿತ್ತು.

ದೋನಾ ಸೆಲೆಸ್ತೆಯ ಉತ್ತರ ಜೂನ್ ಕೊನೆಗೆ ಬಂತು. ಕೈಬರಹ, ಎರಡೇ ಪುಟ. ಕನ್ನಡ ಮಾಡಿ ಕಳಿಸುತ್ತಿದ್ದೇನೆ.

‘ಶೃತಿ, ಮಗಳೇ, ನನಗೆ ನೀರಿನ ವಿಷಯ ಗೊತ್ತು. ನನ್ನ ಊರಿನಲ್ಲೂ ಸಮಾಧಿಯಿಂದ ಬಂದವರಿಗೆ ಗೇಟಿನ ಹತ್ತಿರ ಒಂದು ಬೋಗುಣಿಯಲ್ಲಿ ನೀರು ಇಟ್ಟಿರುತ್ತೇವೆ. ಎಲ್ಲರೂ ಕೈ ತೊಳೆಯುತ್ತೇವೆ. ಸತ್ತವರ ಹೆಂಡತಿಯ ಕೈಗೆ ಇನ್ನೊಬ್ಬ ಹೆಂಗಸು ನೀರು ಹಾಕುತ್ತಾಳೆ. ನೀವಿಬ್ಬರೂ ಇಳಿದುಹೋಗಿ ನೀರಿನ ಹತ್ತಿರ ನಿಂತಾಗ, ಇವರಿಗೂ ಈ ಪದ್ಧತಿ ಇದೆ ಎಂದು ನನಗೆ ಗೊತ್ತಾಯಿತು. ನನ್ನನ್ನು ಕರೆಯುತ್ತಾರೆ ಎಂದು ಬಾಲ್ಕನಿಗೆ ಬಂದೆ. ನೀವು ಕರೆಯಲಿಲ್ಲ. ಕೊಳೆ ಯಾರದು ಎಂಬ ಪ್ರಶ್ನೆ ಆಮೇಲೆ ಬಂತು.’

ಇದನ್ನು ಅಮ್ಮನಿಗೆ ಹೇಗೆ ಓದಿ ಹೇಳಿದೆನೋ ನನಗೆ ತಿಳಿಯದು. ಅಮ್ಮ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದಳು. ಆಮೇಲೆ, “ಸರೀನೇ ಹೇಳವ್ಳೆ. ಗಂಡ ಸತ್ತೋಳ್ಗೆ ನೀರು ಹುಯ್ಯೋರು ಯಾರು, ಮನೆ ಹೆಂಗಸ್ರು ತಾನೇ? ಈ ಊರಲ್ಲಿ ಅವ್ಳಿಗೆ ಯಾರಿದ್ರು? ನಾನು ಅವ್ಳನ್ನ ಬಾಡಿಗೇರು ಅಂತ ಮೇಲೇ ಬಿಟ್ಟು ಬಂದೆ” ಅಂದಳು.

ನಾವು ಪದ್ಧತಿ ಪಾಲಿಸಿದ್ದು ತಪ್ಪು ಎಂದುಕೊಂಡಿದ್ದೆ, ಮೇಡಂ. ಪೂರ್ತಿ ಪಾಲಿಸದೆ ಇದ್ದದ್ದು ತಪ್ಪು.

ಅದನ್ನೇ ದೋನಾ ಸೆಲೆಸ್ತೆಗೆ ಬರೆದೆ, ಅಮ್ಮನ ಮಾತುಗಳಲ್ಲೇ. ನಿಮಗೆ ತೋರಿಸಲಿಲ್ಲ. ಈ ಸಲ ತಿದ್ದಿಸಬೇಕು ಅನ್ನಿಸಲಿಲ್ಲ. ಅವರು ತಂಗಿಯ ಮಗಳ ಕೈಲಿ ಹೇಳಿ ಕಳಿಸಿದರು: ಸೆನ್ಯೋರ್ ಅರ್ಮಾಂದು ಅವರ ಸಮಾಧಿಗೆ ಕಲ್ಲು ಹಾಕುವ ದಿನ ಎಲ್ಲರೂ ಸೇರುತ್ತೇವೆ, ವಿಡಿಯೋ ಕರೆ ಮಾಡುತ್ತೇವೆ, ನಿಮ್ಮ ತಾಯಿ ಇರಲಿ ಎಂದು.

ಅದು ನಿನ್ನೆ ಆಯಿತು. ಅಮ್ಮ ಬೆಳಗ್ಗೆಯೇ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಅಂಗಳಕ್ಕೆ ಬಂದಳು. ಅಪ್ಪನೂ ಕೆಲಸ ಬಿಟ್ಟು ಬಂದು ನಿಂತರು. ಫೋನಿನಲ್ಲಿ ಅವರ ಗೇಟು ಕಂಡಿತು, ಬೋಗುಣಿ ಕಂಡಿತು, ಸುತ್ತ ತುಂಬಾ ಜನ. ಅಮ್ಮ ಚೊಂಬಿನಲ್ಲಿ ನೀರು ಹಿಡಿದುಕೊಂಡು ಫೋನಿನ ಮುಂದೆ ನಿಂತಳು. ಇಲ್ಲಿಂದ ಅಲ್ಲಿಗೆ ನೀರು ಹಾಕುವುದು ಹೇಗೆ ಎಂಬ ಪ್ರಶ್ನೆ ಅವಳಿಗೆ ಆಗಷ್ಟೇ ಹೊಳೆದಿರಬೇಕು.

ಅಷ್ಟರಲ್ಲಿ ಅಲ್ಲಿ ಒಬ್ಬ ಮುದುಕರು, ಸತ್ತವರ ಅಣ್ಣನಂತೆ, ಫೋನನ್ನು ನೋಡಿ ಕೇಳಿದರು, ಇವರು ಯಾರು ಎಂದು. ರೂಮಿನ ಓನರ್ ಎಂದು ತಂಗಿಯ ಮಗಳು ಹೇಳಲು ಹೋದಳು. ದೋನಾ ಸೆಲೆಸ್ತೆ ಅವಳನ್ನು ತಡೆದು, ತಾವೇ ಎಲ್ಲರಿಗೂ ಕೇಳುವಂತೆ ಹೇಳಿದರು.

“ಏನಂದ್ಳೇ?” ಅಂದಳು ಅಮ್ಮ.

“ಇವರು ನಮ್ಮೋರು ಅಂದ್ರಮ್ಮ. ಅರ್ಮಾಂದು ಯಾರ ಮನೇಲಿ ಕೊನೇ ಸಲ ನಕ್ಕೊಂಡು ಊಟ ಮಾಡಿದ್ರೋ, ಆ ಮನೆಯೋರು ಅಂದ್ರು.”

ಅಮ್ಮ ಚೊಂಬನ್ನು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಅಮ್ಮ ಅತ್ತಿರಲಿಲ್ಲ. ನಿನ್ನೆ ಅತ್ತಳು. ಅಲ್ಲಿ ದೋನಾ ಸೆಲೆಸ್ತೆ ಎರಡೂ ಕೈ ಚಾಚಿಕೊಂಡು, ಅಲ್ಲಿದ್ದ ಬೇರೆ ಯಾರಿಂದಲೂ ನೀರು ಹಾಕಿಸಿಕೊಳ್ಳದೆ, ಅವಳ ಅಳು ನಿಲ್ಲುವವರೆಗೂ ಕಾದರು.

ನಿಮ್ಮ
ಶೃತಿ